ಹಳೆಯ ತಂಪುಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ?

ಹಿತ್ತಾಳೆಯ ಕೊಳಗವೊಂದು ತೂತಾದರೆ ನಮ್ಮ ಹಿರಿಯರು ಏನು ಮಾಡುತ್ತಿದ್ದರೆಂಬುದು ಅನೇಕ ವಾಚಕರಿಗೆ ತಿಳಿದ ಸಂಗತಿಯೇ. ಮೊದಲು ಬೆಸುಗೆ ಹಾಕಿಸಿ ನೋಡುವರು. ಅದೂ ಸಾಗದೆ ಹೋದಾಗ ಪಾತ್ರೆಯಂಗಡಿಯಲ್ಲಿ ತೂಕಕ್ಕೆ ಹಾಕಿ, ಮೇಲಿಷ್ಟು ಹಣ ಸೇರಿಸಿ ಹೊಸದನ್ನು ತರುವರು. ಹಳೆಯ ಕೊಳಗ ಕಂಚುಗಾರರ ಮೂಸೆಯಲ್ಲಿ ಕರಗಿ ಇನ್ನಾರದೋ ಮನೆಯ ತಂಬಿಗೆಯಾಗುತ್ತಿತ್ತು. ಹರಿದ ಸೀರೆ ಕೌದಿಯಾಗುತ್ತಿತ್ತು, ಮುರಿದ ಮಣೆ ಬಚ್ಚಲೊಲೆಗೆ ಸೌದೆಯಾಗುತ್ತಿತ್ತು. ಮನೆಯ ಸಾಮಾನೆಲ್ಲ ಬಹುಮಟ್ಟಿಗೆ ಒಂದೊಂದೇ ಪದಾರ್ಥದಿಂದ ಆದುದಾದ್ದರಿಂದ ಅದರ ಅಂತ್ಯವೂ ಸರಳವಾಗಿತ್ತು.

ಈ ಅಭ್ಯಾಸ ಒಳ್ಳೆಯದೇ. ಕಷ್ಟವೆಲ್ಲಿ ಬಂದಿತೆಂದರೆ, ಅದನ್ನೇ ನಾವು ಈಗಿನ ಯಂತ್ರಗಳಿಗೂ ಅನ್ವಯಿಸುತ್ತಿದ್ದೇವೆ. ತಂಪುಪೆಟ್ಟಿಗೆ, ಮನೆಮಾತಿನಲ್ಲಿ ಫ್ರಿಜ್ಜು, ಕೆಟ್ಟು ಕುಳಿತರೆ ಗುಜರಿಯವನನ್ನು ಕರೆಯುತ್ತೇವೆ. ಅವನು ಬಾಗಿಲು ತೆರೆದು ನೋಡಿ, ಹಿಂಬದಿಗೆ ಬಗ್ಗಿ ನೋಡಿ, ಒಂದು ಬೆಲೆ ಹೇಳುತ್ತಾನೆ. ನಾವು ಇನ್ನೂರು ಹೆಚ್ಚು ಕೇಳುತ್ತೇವೆ. ಅವನು ನೂರು ಸೇರಿಸುತ್ತಾನೆ. ಪೆಟ್ಟಿಗೆ ಗಾಡಿಗೇರಿತೆಂದರೆ ನಮ್ಮ ಮಟ್ಟಿಗೆ ವ್ಯವಹಾರ ಮುಗಿಯಿತು. ಅಡುಗೆಮನೆಯಲ್ಲಿ ಜಾಗವಾಯಿತು, ಕೈಗೆ ನಾಲ್ಕು ಕಾಸೂ ಬಂದಿತು. ಆದರೆ ಈ ಪೆಟ್ಟಿಗೆಯಲ್ಲಿ ತಕ್ಕಡಿಗೆ ತೂಗುವ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂಗಳಿರುವಂತೆಯೇ ತಕ್ಕಡಿಗೆ ತೂಗದ, ಯಾರೂ ಬೆಲೆ ಕಟ್ಟದ ಎರಡು ಮೂರು ವಸ್ತುಗಳೂ ಇವೆ. ಅಪಾಯವೆಲ್ಲ ಅವುಗಳಲ್ಲಿದೆ.

ಮನೆಯಿಂದ ಹೊರಬೀಳುವ ಹಳೆಯ ಯಂತ್ರಗಳು ಹಲವು. ಅವುಗಳಲ್ಲಿ ತಂಪುಪೆಟ್ಟಿಗೆಯನ್ನೇ ಮುಖ್ಯವಾಗಿ ಇಲ್ಲಿ ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಅದರಿಂದಾಗುವ ಕೆಡುಕು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ; ತಡೆಯುವುದಂತೂ ಅಷ್ಟೇನೂ ಕಷ್ಟವಲ್ಲ.

ಪೆಟ್ಟಿಗೆ ಕೆಲಸ ಮಾಡುವ ಬಗೆಯನ್ನು ಮಣ್ಣಿನ ಹೂಜಿಯಿಂದ ತಿಳಿಯಬಹುದು. ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಆದ್ದರಿಂದ ಉಳಿದ ನೀರು ತಣ್ಣಗಾಗುತ್ತದೆ. ಆ ಆವಿ ಗಾಳಿಗೆ ಸೇರಿ ಹೋಯಿತು. ಮತ್ತೆ ನೀರು ತುಂಬಬೇಕು. ಫ್ರಿಜ್ಜಿನಲ್ಲಿ ನೀರಿನ ಬದಲು ಬಲು ಬೇಗ ಆವಿಯಾಗುವ ಒಂದು ಪದಾರ್ಥವಿರುತ್ತದೆ. ಅದರ ಆವಿಯನ್ನು ಹೊರಗೆ ಬಿಡದೆ, ಹಿಂಬದಿಯ ಕರಿಯ ಗುಂಡಿನಂಥ ಕಂಪ್ರೆಸರು ಅದನ್ನು ಒತ್ತಿ ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿ ಅದು ತನ್ನ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಟ್ಟು ಪುನಃ ದ್ರವವಾಗಿ ಒಳಕ್ಕೆ ಹೋಗುತ್ತದೆ. ಹೀಗೆ ನೂರು ಗ್ರಾಂನ ಆಸುಪಾಸಿನಲ್ಲಿರುವ ಅದೇ ಅನಿಲ ಹದಿನೈದು ಇಪ್ಪತ್ತು ವರ್ಷ ಬೆಸುಗೆ ಹಾಕಿದ ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಪೆಟ್ಟಿಗೆಯ ಆಯುಷ್ಯವೆಲ್ಲ ಬಂಧನದಲ್ಲಿದ್ದ ಈ ಅನಿಲಕ್ಕೆ ಬಿಡುಗಡೆಯಾಗುವುದು ಗುಜರಿ ಅಂಗಡಿಯ ಅಂಗಳದಲ್ಲಿ. ಕಂಪ್ರೆಸರನ್ನು ಬೇರ್ಪಡಿಸಲು ಕೊಳವೆಗೆ ಕತ್ತರಿ ಹಾಕಿದಾಗ ಬುಸ್ಸೆಂದು ಒಂದು ಸದ್ದು, ಅಷ್ಟೆ.

ಅನಿಲದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ತಂಪುಪೆಟ್ಟಿಗೆಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡು, ಮೀಥೈಲ್ ಕ್ಲೋರೈಡುಗಳನ್ನು ತುಂಬುತ್ತಿದ್ದರು. ಇವು ಸೋರಿ ಮನೆಯವರು ಸತ್ತ ಪ್ರಸಂಗಗಳು ಅಮೆರಿಕದಲ್ಲಿ ನಡೆದಿದ್ದವು. ೧೯೨೮ರ ಸುಮಾರಿಗೆ ಥಾಮಸ್ ಮಿಡ್ಜ್‌ಲಿ ಎಂಬ ಅಮೆರಿಕದ ವಿಜ್ಞಾನಿ ಇವಕ್ಕೆ ಬದಲಾಗಿ ಕ್ಲೋರೋಫ್ಲೋರೋಕಾರ್ಬನ್ ಜಾತಿಯ ಅನಿಲಗಳನ್ನು ಮುಂದಿಟ್ಟನು. ಅವು ಹೊತ್ತಿಕೊಳ್ಳವು, ವಿಷವಲ್ಲ, ಬೇರಾವುದರೊಂದಿಗೂ ಸುಲಭವಾಗಿ ಬೆರೆಯವು. ಇಷ್ಟು ಸಾಧುವಾದ ವಸ್ತು ಇನ್ನೊಂದಿಲ್ಲವೆಂದು ಲೋಕವೆಲ್ಲ ಅದನ್ನು ಸ್ವೀಕರಿಸಿತು. ಈ ಜಾತಿಯ ಆರ್-೧೨ ಎಂಬುದು ದಶಕಗಳ ಕಾಲ ನಮ್ಮ ದೇಶದ ಮನೆಗಳ ಫ್ರಿಜ್ಜುಗಳಲ್ಲಿಯೂ ತುಂಬಿತ್ತು.

ಯಾವುದರೊಂದಿಗೂ ಬೆರೆಯದಿರುವ ಆ ಸಾಧುಗುಣವೇ ದೋಷವಾಗಿ ಪರಿಣಮಿಸಿತು. ನೆಲದ ಮಟ್ಟದಲ್ಲಿ ನಾಶವಾಗದ ಅನಿಲ ನಿಧಾನವಾಗಿ ಮೇಲೇರಿ ಓಜೋನಿನ ಪದರವನ್ನು ಮುಟ್ಟುತ್ತದೆ. ಅಲ್ಲಿ ಸೂರ್ಯನ ತೀಕ್ಷ್ಣವಾದ ಕಿರಣಕ್ಕೆ ಸಿಕ್ಕಿ ಒಡೆದು ಕ್ಲೋರಿನ್ ಪರಮಾಣುವನ್ನು ಬಿಡುಗಡೆ ಮಾಡುತ್ತದೆ. ಅಂಥ ಒಂದೇ ಪರಮಾಣು ಲಕ್ಷದಷ್ಟು ಓಜೋನ್ ಅಣುಗಳನ್ನು ಕೆಡಿಸಬಲ್ಲುದು. ಮೋಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ೧೯೭೪ರಲ್ಲಿ ಇದನ್ನು ಎಚ್ಚರಿಸಿದರು. ೧೯೮೫ರಲ್ಲಿ ದಕ್ಷಿಣ ಧ್ರುವದ ಮೇಲೆ ಓಜೋನ್ ಪದರ ಪ್ರತಿ ವಸಂತದಲ್ಲಿಯೂ ಭಯಂಕರವಾಗಿ ತೆಳುವಾಗುತ್ತಿದೆಯೆಂದು ಬ್ರಿಟಿಷ್ ಸಂಶೋಧಕರು ಪ್ರಕಟಿಸಿದರು. ೧೯೮೭ರ ಸೆಪ್ಟೆಂಬರ್ ೧೬ರಂದು ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳ ಒಪ್ಪಂದವಾಯಿತು. ಭಾರತ ೧೯೯೨ರಲ್ಲಿ ಅದಕ್ಕೆ ಸೇರಿತು. ೨೦೦೩ರಿಂದ ಹೊಸ ಫ್ರಿಜ್ಜುಗಳಲ್ಲಿ ಈ ಅನಿಲವನ್ನು ತುಂಬುವುದು ನಮ್ಮಲ್ಲಿ ನಿಂತಿತು; ೨೦೦೮ರಲ್ಲಿ ತಯಾರಿಕೆಯೂ ನಿಂತಿತು, ಉಬ್ಬಸದ ಔಷಧಕ್ಕೆ ಬೇಕಾದಷ್ಟನ್ನು ಬಿಟ್ಟು. ರಾಷ್ಟ್ರಗಳು ಒಟ್ಟಾಗಿ ಮಾಡಿದ ಕೆಲಸಗಳಲ್ಲಿ ಇಷ್ಟು ಚೆನ್ನಾಗಿ ಫಲಿಸಿದವು ವಿರಳ. ದಕ್ಷಿಣ ಧ್ರುವದ ಮೇಲಿನ ಪದರ ಸುಮಾರು ೨೦೬೬ರ ಹೊತ್ತಿಗೆ ೧೯೮೦ರ ಸ್ಥಿತಿಗೆ ಮರಳಬಹುದೆಂದು ವಿಶ್ವಸಂಸ್ಥೆಯ ಆಶ್ರಯದ ವಿಜ್ಞಾನಿಗಳ ಅಂದಾಜು.

ಹಾಗಾದರೆ ಇನ್ನೇನು ಚಿಂತೆ ಎಂದು ಕೇಳಬಹುದು. ತಯಾರಿಕೆ ನಿಂತರೂ ಅದುವರೆಗೆ ತಯಾರಾದದ್ದು ಮಾಯವಾಗುವುದಿಲ್ಲವಷ್ಟೆ. ಅಜ್ಜಿಯ ಮನೆಯ ಮೂಲೆಯಲ್ಲಿ ಬೀರುವಿನಂತೆ ನಿಂತಿರುವ, ಒಳಗೆ ಬೇಳೆಯ ಡಬ್ಬಗಳನ್ನೋ ಹಳೆಯ ಕಾಗದಪತ್ರಗಳನ್ನೋ ತುಂಬಿರುವ ಫ್ರಿಜ್ಜಿನಲ್ಲಿ ಅದು ಇಂದಿಗೂ ಇರಬಹುದು. ಓಜೋನಿನ ಮಾತು ಹಾಗಿರಲಿ, ಭೂಮಿಯನ್ನು ಬಿಸಿಮಾಡುವುದರಲ್ಲಿಯೂ ಇದು ಪ್ರಬಲವಾದುದು. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್-೧೨ ಸುಮಾರು ೧೦,೯೦೦ ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ ಒಂದು ಪೆಟ್ಟಿಗೆಯ ನೂರು ಗ್ರಾಂ ಗಾಳಿಗೆ ಹೋದರೆ ಒಂದು ಟನ್ನಿಗೂ ಮೀರಿತು. ಪೆಟ್ರೋಲಿಗೆ ಹೋಲಿಸಿದರೆ ೪೭೦ ಲೀಟರ್ ಸುಟ್ಟಷ್ಟಾಯಿತು. ಮಿತವಾಗಿ ಓಡಿಸುವ ಸ್ಕೂಟರಿಗೆ ಅಷ್ಟು ಪೆಟ್ರೋಲು ವರ್ಷಗಟ್ಟಲೆ ಸಾಕು. ಕತ್ತರಿಯ ಒಂದು ಬುಸ್ಸಿಗೆ ಇಷ್ಟು.

ಮುಂದೆ ಬಂದ ಆರ್-೧೩೪ಎ ಎಂಬ ಅನಿಲದಲ್ಲಿ ಕ್ಲೋರಿನ್ ಇಲ್ಲ; ಓಜೋನಿಗೆ ಅದರಿಂದ ಭಯವಿಲ್ಲ. ಆದರೆ ಬಿಸಿಮಾಡುವ ಗುಣ ಅದಕ್ಕೂ ಉಂಟು, ಡೈಆಕ್ಸೈಡಿನ ಸುಮಾರು ೧,೪೩೦ರಷ್ಟು. ಈಚಿನ ಪೆಟ್ಟಿಗೆಗಳಲ್ಲಿ ಬರುತ್ತಿರುವ ಆರ್-೬೦೦ಎ ಎಂಬುದು ಐಸೋಬ್ಯೂಟೇನ್, ನಮ್ಮ ಅಡುಗೆ ಅನಿಲದ ಬಳಗಕ್ಕೆ ಸೇರಿದ್ದು. ಭೂಮಿಯ ದೃಷ್ಟಿಯಿಂದ ಇದು ಬಹುಮಟ್ಟಿಗೆ ನಿರಪಾಯಕರ. ಕೊಳವೆಗೆ ಬೆಂಕಿಯ ಕೊಳವಿ ಹಿಡಿದು ಕತ್ತರಿಸಹೊರಟವನಿಗೆ ಮಾತ್ರ ನಿರಪಾಯಕರವಲ್ಲ. ಮುಚ್ಚಿದ ಜಾಗದಲ್ಲಿ ಅದು ಹೊತ್ತಿಕೊಳ್ಳುತ್ತದೆ. ಮನೆಯ ಫ್ರಿಜ್ಜಿನಲ್ಲಿ ಯಾವ ಅನಿಲವಿದೆಯೆಂಬುದನ್ನು ಹಿಂಬದಿಯಲ್ಲಿಯೋ ಒಳಗಿನ ಗೋಡೆಯ ಮೇಲೋ ಅಂಟಿಸಿರುವ ತಗಡು ಅಥವಾ ಚೀಟಿಯಲ್ಲಿ ನೋಡಿಕೊಳ್ಳಬಹುದು. ಕೊಡುವ ಮುನ್ನ ಅದನ್ನು ಓದಿ, ಒಯ್ಯುವವರಿಗೆ ಬಾಯಿಬಿಟ್ಟು ಹೇಳುವುದು ಉಪಕಾರದ ಕೆಲಸ.

ಕೊಳವೆಯ ಅನಿಲಕ್ಕಿಂತ ದೊಡ್ಡ ಕಳ್ಳನೊಬ್ಬ ಪೆಟ್ಟಿಗೆಯ ಗೋಡೆಯಲ್ಲಿ ಅಡಗಿದ್ದಾನೆ. ಹೊರಗಿನ ತಗಡಿಗೂ ಒಳಗಿನ ಪ್ಲಾಸ್ಟಿಕ್ ಗೋಡೆಗೂ ನಡುವೆ ಹಳದಿ ಬಣ್ಣದ ಗಟ್ಟಿ ನೊರೆಯೊಂದನ್ನು ತುಂಬಿರುತ್ತಾರೆ. ತಂಪು ಹೊರಗೆ ಹೋಗದಂತೆ ಕಾಯುವುದು ಅದೇ. ಆ ನೊರೆಯನ್ನು ಉಬ್ಬಿಸಲು ಹಿಂದೆ ಬಳಸುತ್ತಿದ್ದುದೂ ಕ್ಲೋರೋಫ್ಲೋರೋಕಾರ್ಬನ್ ಜಾತಿಯ ಇನ್ನೊಂದು ಅನಿಲ. ಅದು ನೊರೆಯ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಹಳೆಯ ಪೆಟ್ಟಿಗೆಗಳಲ್ಲಿ ಕೊಳವೆಗಿಂತ ಗೋಡೆಯಲ್ಲಿಯೇ ಈ ಜಾತಿಯ ಅನಿಲ ಹೆಚ್ಚು. ಗುಜರಿಯಲ್ಲಿ ತಗಡನ್ನು ಕಿತ್ತ ಮೇಲೆ ನೊರೆಗೆ ಬೆಲೆಯಿಲ್ಲ. ಅದನ್ನು ಪುಡಿಮಾಡಿ ಹಳ್ಳಕ್ಕೆ ಸುರಿಯುವುದುಂಟು, ಬೆಂಕಿ ಹಚ್ಚುವುದೂ ಉಂಟು. ಸರಿಯಾದ ಕಾರ್ಖಾನೆಯಲ್ಲಿ ಇದನ್ನು ಗಾಳಿಯಾಡದ ಕೋಣೆಯಲ್ಲಿ ಅರೆದು, ಹೊರಬರುವ ಅನಿಲವನ್ನು ಹಿಡಿದಿಡುತ್ತಾರೆ.

ಇಷ್ಟನ್ನು ಓದಿ ಗುಜರಿಯವನ ಮೇಲೆ ಕೋಪಗೊಳ್ಳುವುದು ನ್ಯಾಯವಲ್ಲ. ಊರಿನ ಕಬ್ಬಿಣ, ಕಾಗದ, ಗಾಜು ಮಣ್ಣುಪಾಲಾಗದೆ ಮತ್ತೆ ಬಳಕೆಗೆ ಬರುತ್ತಿರುವುದು ಬಹುಪಾಲು ಅವನಿಂದಲೇ. ಅವನ ಲೆಕ್ಕವನ್ನು ನೋಡಿ: ತಾಮ್ರಕ್ಕೆ ಇಷ್ಟು, ಕಬ್ಬಿಣಕ್ಕೆ ಇಷ್ಟು ಎಂದು ಸಂಜೆಗೆ ಕೈಗೆ ಹಣ ಬರುತ್ತದೆ. ಅನಿಲವನ್ನು ಸೀಸೆಗೆ ತುಂಬಿಸಬೇಕಾದರೆ ಒಂದು ಪಂಪು, ಒಂದು ಸಿಲಿಂಡರು, ಅರ್ಧ ಗಂಟೆ ಹೊತ್ತು ಬೇಕು. ಅದಕ್ಕೆ ಕೊಡುವವರು ಯಾರು? ಅವನ ಕೆಲಸದಿಂದ ಮೊದಲು ಕೆಡುವುದೂ ಅವನ ಆರೋಗ್ಯವೇ. ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಸುಟ್ಟು ತಾಮ್ರ ತೆಗೆಯುವಾಗ ಏಳುವ ಕಪ್ಪು ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರವಾದ ವಿಷವಿರುತ್ತದೆ. ಆ ಹೊಗೆಯ ಹತ್ತಿರ ನಿಂತಿರುವುದು ಅವನು ಮತ್ತು ಎಷ್ಟೋ ಕಡೆ ಅವನ ಮಕ್ಕಳು.

ಬೆಲೆಯಿಲ್ಲದ ಕೆಲಸವನ್ನು ಮಾಡಿಸಲು ಕಾನೂನೇ ಬೇಕಾಗುತ್ತದೆ. ವಿದ್ಯುತ್ ಉಪಕರಣಗಳ ತ್ಯಾಜ್ಯವನ್ನು ಕುರಿತ ಮೊದಲ ನಿಯಮಗಳು ನಮ್ಮ ದೇಶದಲ್ಲಿ ೨೦೧೧ರಲ್ಲಿ ಪ್ರಕಟವಾಗಿ ೨೦೧೨ರ ಮೇ ತಿಂಗಳಿನಿಂದ ಜಾರಿಗೆ ಬಂದವು. ೨೦೧೬ರಲ್ಲಿ ಅವನ್ನು ತಿದ್ದಿ ಬರೆದರು. ಈಗ ನಡೆಯುತ್ತಿರುವುದು ೨೦೨೨ರ ನಿಯಮಗಳು. ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿವೆ. ಹಿಂದೆ ಸುಮಾರು ಇಪ್ಪತ್ತು ಬಗೆಯ ಯಂತ್ರಗಳಿಗೆ ಅನ್ವಯಿಸುತ್ತಿದ್ದುದು ಈಗ ನೂರಕ್ಕೂ ಮಿಕ್ಕ ಬಗೆಗಳಿಗೆ ಹಬ್ಬಿದೆ. ಇವುಗಳ ತಿರುಳು ಇಷ್ಟೆ: ಯಂತ್ರವನ್ನು ತಯಾರಿಸಿ ಮಾರಿದವರೇ ಅದರ ಅಂತ್ಯಕ್ಕೂ ಹೊಣೆ. ತಾವು ಮಾರಿದ್ದರಲ್ಲಿ ಇಂತಿಷ್ಟು ಪಾಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಕಾರ್ಖಾನೆಗಳಲ್ಲಿ ಬಿಡಿಸಲ್ಪಟ್ಟಿತೆಂದು ಅವರು ಪ್ರಮಾಣಪತ್ರ ತೋರಿಸಬೇಕು. ಆ ಪಾಲನ್ನು ಮೊದಲ ಎರಡು ವರ್ಷ ನೂರಕ್ಕೆ ೬೦, ಮುಂದಿನ ಎರಡು ವರ್ಷ ೭೦, ೨೦೨೭-೨೮ರಿಂದ ೮೦ ಎಂದು ಗೊತ್ತುಮಾಡಲಾಗಿದೆ.

ನಿಯಮ ಒಳ್ಳೆಯದು. ಆದರೂ ಅದರಲ್ಲಿ ಒಂದು ವಿಚಿತ್ರವುಂಟು. ಪ್ರಮಾಣಪತ್ರಗಳನ್ನು ಕೊಡುವುದು ಹಿಂಪಡೆದ ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಈ ನಾಲ್ಕು ಲೋಹಗಳ ಲೆಕ್ಕದ ಮೇಲೆ. ಗುಜರಿಯ ತಕ್ಕಡಿ ಯಾವುದನ್ನು ತೂಗುತ್ತಿತ್ತೋ ಸರ್ಕಾರದ ತಕ್ಕಡಿಯೂ ಮೊದಲು ಅದನ್ನೇ ತೂಗಲು ಹೊರಟಿತು! ಶೀತಕಾನಿಲದ ಪ್ರಸ್ತಾಪ ೨೦೨೩ರ ತಿದ್ದುಪಡಿಯಲ್ಲಿ ಬಂದಿತು. ಪ್ರತಿ ಕಾರ್ಖಾನೆಯಲ್ಲಿಯೂ ಅನಿಲವನ್ನು ಹಿಡಿಯುವ ಯಂತ್ರ ನಿಜವಾಗಿ ಓಡುವಂತೆ ನೋಡಿಕೊಳ್ಳುವುದೇ ಇನ್ನು ಮಂಡಳಿಗಳ ಮುಂದಿರುವ ಕೆಲಸ. ಜಗತ್ತಿನ ಒಟ್ಟು ಲೆಕ್ಕವೂ ಹೆಮ್ಮೆಪಡುವಂಥದಲ್ಲ. ೨೦೨೨ರಲ್ಲಿ ಪ್ರಪಂಚದಾದ್ಯಂತ ಆರು ಕೋಟಿ ಇಪ್ಪತ್ತು ಲಕ್ಷ ಟನ್ ವಿದ್ಯುತ್ ತ್ಯಾಜ್ಯ ಹುಟ್ಟಿತೆಂದೂ, ಅದರಲ್ಲಿ ಕಾಲುಭಾಗಕ್ಕಿಂತ ಕಡಿಮೆ ಮಾತ್ರ ಕ್ರಮವಾಗಿ ಸಂಗ್ರಹವಾಯಿತೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಈ ಉದ್ಯೋಗದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲವೆಂಬುದು ಸಮಾಧಾನದ ಮಾತು. ನಿಯಮಗಳು ಹುಟ್ಟುವುದಕ್ಕೂ ಮುನ್ನ, ೨೦೦೫ರಲ್ಲಿಯೇ, ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆ ಇಂಥ ತ್ಯಾಜ್ಯವನ್ನು ಬಿಡಿಸುವ ಕಾರ್ಖಾನೆಯನ್ನು ತೆರೆಯಿತು. ಅನಂತರ ಇನ್ನೂ ಹಲವು ಬಂದಿವೆ. ನೋಂದಾಯಿತ ಕಾರ್ಖಾನೆಗಳ ಪಟ್ಟಿಯನ್ನು ಕೇಂದ್ರ ಮಂಡಳಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿಯೂ ವಿಚಾರಿಸಬಹುದು.

ಮನೆಯವರು ಮಾಡಬೇಕಾದುದೇನು? ಮೊದಲನೆಯದಾಗಿ, ತಂಪಾಗದ ಪೆಟ್ಟಿಗೆಯೆಲ್ಲ ಸತ್ತ ಪೆಟ್ಟಿಗೆಯಲ್ಲ. ಕಂಪ್ರೆಸರಿನ ಪಕ್ಕದ ರಿಲೇ, ಥರ್ಮೋಸ್ಟಾಟು, ಬಾಗಿಲಿನ ರಬ್ಬರು, ಇವು ಅಲ್ಪ ಬೆಲೆಯ ಬಿಡಿಭಾಗಗಳು. ಎಷ್ಟೋ ವೇಳೆ ದೋಷ ಇವುಗಳಲ್ಲಿರುತ್ತದೆ. ಅನಿಲವೇ ಸೋರಿದೆಯೆಂದಾದರೆ ಸೋರುವ ಜಾಗವನ್ನು ಮುಚ್ಚದೆ ಮತ್ತೆ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಉಳಿದ ಅನಿಲವನ್ನು ಕಿಟಕಿಯಾಚೆ ಬಿಟ್ಟು ಹೊಸದನ್ನು ತುಂಬುವ ಮೆಕ್ಯಾನಿಕ್ಕನಿಗೆ ‘ಹಿಡಿದಿಟ್ಟುಕೊಳ್ಳಪ್ಪ, ಕೂಲಿ ಬೇಕಾದರೆ ಸ್ವಲ್ಪ ಹೆಚ್ಚು ಕೊಡುತ್ತೇನೆ’ ಎನ್ನಬಹುದು.

ಇನ್ನೂ ಓಡುತ್ತಿರುವ ಹಳೆಯ ಪೆಟ್ಟಿಗೆಯನ್ನು ಮನೆಗೆಲಸದವರಿಗೋ ಬಡ ನೆಂಟರಿಗೋ ಕೊಡುವ ಪದ್ಧತಿ ನಮ್ಮಲ್ಲಿದೆ. ಕೊಡುವವರಿಗೆ ಪುಣ್ಯ ಬಂದಂತೆ ತೋರುತ್ತದೆ. ವಿದ್ಯುತ್ತಿನ ಬಿಲ್ಲು ಮಾತ್ರ ತೆಗೆದುಕೊಂಡವರಿಗೆ ಬರುತ್ತದೆ. ಇಪ್ಪತ್ತು ವರ್ಷದ ಫ್ರಿಜ್ಜು ಹೊಸದಕ್ಕಿಂತ ಎಷ್ಟೋ ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ. ಅದು ಸಾಯುವುದೂ ಅವರ ಮನೆಯಲ್ಲಿಯೇ. ಆಗ ಗುಜರಿಯವನನ್ನು ಕರೆಯದೆ ಅವರಿಗೆ ಬೇರೆ ದಾರಿಯಿರುವುದಿಲ್ಲ. ಐದಾರು ವರ್ಷದ ಪೆಟ್ಟಿಗೆಯನ್ನು ಕೊಡುವುದಾದರೆ ಅದು ನಿಜವಾಗಿ ದಾನ.

ಆಯುಧಪೂಜೆ, ದೀಪಾವಳಿಗಳ ಕಾಲಕ್ಕೆ ಅಂಗಡಿಗಳಲ್ಲಿ ಹಳೆಯದಕ್ಕೆ ಹೊಸದು ಕೊಡುವ ಏರ್ಪಾಡುಗಳಿರುತ್ತವೆ. ಕೊಳ್ಳುವವರು ಬೆಲೆಯಲ್ಲಿ ಎಷ್ಟು ಇಳಿಯಿತೆಂದು ನೋಡುತ್ತಾರೆಯೇ ಹೊರತು ಹಳೆಯದು ಎಲ್ಲಿಗೆ ಹೋಗುತ್ತದೆಂದು ಕೇಳುವುದಿಲ್ಲ. ಕೇಳಬೇಕು. ಹೊಸದನ್ನು ಇಳಿಸಿದ ಗಾಡಿಯೇ ಹಳೆಯದನ್ನು ಹೇರಿಕೊಂಡು ಮೊದಲು ಸಿಕ್ಕ ಗುಜರಿ ಅಂಗಡಿಯ ಮುಂದೆ ನಿಲ್ಲುವುದೂ ಸಾಧ್ಯ. ಯಾವ ಕಾರ್ಖಾನೆಗೆ ಕಳಿಸುತ್ತೀರಿ, ಅದು ನೋಂದಾಯಿಸಿದ್ದೇ, ಪೆಟ್ಟಿಗೆಯ ಕ್ರಮಸಂಖ್ಯೆ ಬರೆದು ರಸೀತಿ ಕೊಡುವಿರಾ, ಎಂಬ ಮೂರು ಪ್ರಶ್ನೆಗಳು ಸಾಕು. ಹತ್ತು ಗಿರಾಕಿಗಳು ಕೇಳಿದ ಮೇಲೆ ಹನ್ನೊಂದನೆಯವನಿಗೆ ಅಂಗಡಿಯವರೇ ಮೊದಲಾಗಿ ಹೇಳುವರು. ತಯಾರಕರ ಗ್ರಾಹಕ ಸೇವೆಗೆ ಕರೆಮಾಡಿ, ಹಳೆಯ ಯಂತ್ರವನ್ನು ಒಯ್ಯಿರೆಂದು ಕೇಳುವುದಕ್ಕೂ ದಾರಿಯುಂಟು. ಗುಜರಿಯ ಬೆಲೆಗಿಂತ ಕೆಲವು ನೂರು ರೂಪಾಯಿ ಕಡಿಮೆ ಬರಬಹುದು. ಆ ವ್ಯತ್ಯಾಸ ಅನಿಲವನ್ನು ಹಿಡಿಯುವ ಕೂಲಿಯೆಂದು ತಿಳಿದರೆ ದುಬಾರಿಯೆನಿಸದು.

ತಾಲ್ಲೂಕು ಕೇಂದ್ರಗಳಲ್ಲಿ, ಹಳ್ಳಿಗಳಲ್ಲಿ ಇದು ಕಷ್ಟ. ಒಂದು ಪೆಟ್ಟಿಗೆಗಾಗಿ ನೂರು ಮೈಲಿ ದೂರದಿಂದ ಲಾರಿ ಬರುವುದಿಲ್ಲ. ಮಹಿಳಾ ಸಂಘವೋ ಹಾಲಿನ ಸಹಕಾರ ಸಂಘವೋ ಶಾಲೆಯೋ ಮುಂದೆ ನಿಂತು, ವರ್ಷಕ್ಕೊಮ್ಮೆ ಒಂದು ದಿನ ಗೊತ್ತುಮಾಡಿ ಊರಿನ ಹಳೆಯ ಯಂತ್ರಗಳನ್ನೆಲ್ಲ ಒಂದೆಡೆ ಸೇರಿಸಿದರೆ ಲಾರಿಗೆ ತುಂಬುವಷ್ಟಾಗುತ್ತದೆ. ಅಲ್ಲಿಯವರೆಗೆ ಪೆಟ್ಟಿಗೆ ಮಳೆಗೆ ನೆನೆಯದ ಜಾಗದಲ್ಲಿ, ಕೊಳವೆಗೆ ಪೆಟ್ಟು ಬೀಳದಂತೆ ನಿಂತಿದ್ದರೆ ಯಾವ ಹಾನಿಯೂ ಇಲ್ಲ.

ಉಳಿದ ಸಾಮಾನುಗಳ ವಿಷಯವನ್ನು ಚುಟುಕಾಗಿ ಹೇಳಬಹುದು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು, ಇವು ಬಹುಮಟ್ಟಿಗೆ ಲೋಹ ಮತ್ತು ಪ್ಲಾಸ್ಟಿಕ್; ರಿಪೇರಿಯವರ ಕೈಯಲ್ಲಿ ಇನ್ನೊಂದು ಜನ್ಮ ಪಡೆಯಬಲ್ಲವು. ಬೆನ್ನು ಉಬ್ಬಿದ ಹಳೆಯ ಟೆಲಿವಿಷನ್ನಿನ ಗಾಜಿನ ಕೊಳವೆಯಲ್ಲಿ ಸೀಸ ಬೆರೆತಿರುತ್ತದೆ, ಒಳಗೆ ನಿರ್ವಾತವಿರುತ್ತದೆ. ಅದನ್ನು ಒಡೆಯಲು ಹೋಗಬಾರದು. ಟ್ಯೂಬ್‌ಲೈಟಿನಲ್ಲಿ ಕೆಲವು ಮಿಲಿಗ್ರಾಂ ಪಾದರಸವುಂಟು. ನಾವು ಅದನ್ನು ಕಸದ ಬುಟ್ಟಿಗೆ ಓರೆಯಾಗಿ ಚುಚ್ಚಿ ಹೋಗುತ್ತೇವೆ. ಮಾರನೆಯ ಬೆಳಿಗ್ಗೆ ಅದು ಒಡೆಯುವುದು ಪೌರಕಾರ್ಮಿಕರ ಮುಖದ ಹತ್ತಿರ. ರಟ್ಟಿನ ಹೊದಿಕೆಯಲ್ಲಿ ಸುತ್ತಿ, ಮೇಲೆ ಬರೆದು, ಬೇರೆಯಾಗಿ ಕೊಡಬೇಕು. ಮನೆಯಲ್ಲಿಯೇ ಒಡೆದರೆ ಕಿಟಕಿ ತೆರೆದು ಹದಿನೈದು ನಿಮಿಷ ಹೊರಗಿದ್ದು, ಬಳಿಕ ಪೊರಕೆಯಿಂದ ಗುಡಿಸದೆ ರಟ್ಟಿನ ಚೂರಿನಿಂದ ಬಳಿದು, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳದ ಡಬ್ಬಿಯಲ್ಲಿಡತಕ್ಕದ್ದು.

ಇನ್ವರ್ಟರಿನ ಬ್ಯಾಟರಿಯದು ಇದಕ್ಕೆ ತಿರುಗುಮುರುಗಾದ ಕಥೆ. ಇಲ್ಲಿ ವಿಷವಸ್ತುವಾದ ಸೀಸಕ್ಕೇ ಬೆಲೆಯಿದೆ. ಆದ್ದರಿಂದ ಯಾರೂ ಅದನ್ನು ಬೀದಿಗೆ ಎಸೆಯುವುದಿಲ್ಲ, ಅಂಗಡಿಯವರು ಹಳೆಯದಕ್ಕೆ ಹಣ ಇಳಿಸಿ ಹೊಸದನ್ನು ಕೊಡುತ್ತಾರೆ. ಕಷ್ಟವೇನೆಂದರೆ, ಗಂಧಕಾಮ್ಲವನ್ನು ಮೋರಿಗೆ ಚೆಲ್ಲಿ, ಬಯಲಿನಲ್ಲಿ ಒಲೆ ಹೂಡಿ ಸೀಸ ಕರಗಿಸುವವನು ಖರ್ಚಿಲ್ಲದ ಕಾರಣ ಒಂದಿಷ್ಟು ಹೆಚ್ಚು ಬೆಲೆ ಕೊಡಬಲ್ಲ. ಅಂಥ ಒಲೆಯ ಸುತ್ತಲಿನ ಮಣ್ಣಿನಲ್ಲಿ ಆಡುವ ಮಕ್ಕಳ ರಕ್ತಕ್ಕೆ ಸೀಸ ಸೇರಿ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಬ್ಯಾಟರಿಗಳಿಗೆ ಪ್ರತ್ಯೇಕವಾಗಿ ೨೦೦೧ರಲ್ಲಿಯೂ ೨೦೨೨ರಲ್ಲಿಯೂ ನಿಯಮಗಳಾಗಿವೆ. ಬ್ಯಾಟರಿಯ ವ್ಯಾಪಾರಿಗೇ ಕೊಟ್ಟು ರಸೀತಿ ಪಡೆಯುವುದು ಕ್ಷೇಮ.

ಮತ್ತೆ ತಂಪುಪೆಟ್ಟಿಗೆಗೆ ಬಂದರೆ, ಮಕ್ಕಳಿರುವ ಮನೆಯವರಿಗೆ ಹೇಳಬೇಕಾದ ಇನ್ನೊಂದು ಮಾತಿದೆ. ಬಳಕೆ ತಪ್ಪಿದ ಪೆಟ್ಟಿಗೆಯನ್ನು ಹಿತ್ತಲಲ್ಲೋ ಮೆಟ್ಟಿಲ ಕೆಳಗೋ ಇಟ್ಟಿರುವಾಗ, ಕಣ್ಣುಮುಚ್ಚಾಲೆಯಾಡುವ ಮಗುವಿಗೆ ಅದಕ್ಕಿಂತ ಒಳ್ಳೆಯ ಅಡಗುದಾಣ ಕಾಣುವುದಿಲ್ಲ. ಬಾಗಿಲು ಮುಚ್ಚಿಕೊಂಡಿತೆಂದರೆ ಒಳಗಿನ ಗಾಳಿ ಬೇಗ ತೀರುತ್ತದೆ, ಕೂಗಿದರೆ ದಪ್ಪ ಗೋಡೆಯಿಂದ ಹೊರಗೆ ಕೇಳಿಸುವುದಿಲ್ಲ. ಇಂಥ ಸಾವುಗಳು ಹೆಚ್ಚಿದ್ದರಿಂದಲೇ ಅಮೆರಿಕದವರು ೧೯೫೬ರಲ್ಲಿ, ಒಳಗಿನಿಂದಲೂ ತೆರೆಯಲು ಬರುವಂಥ ಬಾಗಿಲಿರಬೇಕೆಂದು ಕಾನೂನು ಮಾಡಿದರು. ಅಯಸ್ಕಾಂತದ ರಬ್ಬರಿನ ಬಾಗಿಲು ಬಳಕೆಗೆ ಬಂದುದು ಹಾಗೆ. ಆದರೂ ನಮ್ಮಲ್ಲಿಯ ಪೆಟ್ಟಿಗೆಗಳಿಗೆ ಬೀಗವಿರುವುದು ಸಾಮಾನ್ಯ. ಅಯಸ್ಕಾಂತವೊಂದೇ ಇದ್ದರೂ ಗಾಬರಿಗೊಂಡ ಮೂರು ವರ್ಷದ ಮಗುವಿನ ಕೈಗೆ ಆ ಬಾಗಿಲು ಭಾರವೇ. ಆದ್ದರಿಂದ ಒಯ್ಯುವವರು ಬರುವುದು ತಡವಾಗುವಂತಿದ್ದರೆ, ಬಾಗಿಲಿನ ಮೇಲಣ ಮತ್ತು ಕೆಳಗಣ ಕೀಲಿನ ತಿರುಪುಗಳನ್ನು ಬಿಚ್ಚಿ ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿಡಬೇಕು. ಕೀಲುಗಳಿರುವುದು ಅನಿಲದ ಕೊಳವೆಗಳಿಂದ ದೂರದಲ್ಲಿ; ಒಂದು ಸ್ಪ್ಯಾನರಿನಿಂದ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಒಳಗಿನ ತಂತಿಯ ಹಲಗೆಗಳನ್ನು ಮಾತ್ರ ತೆಗೆಯದೆ ಇದ್ದಲ್ಲಿಯೇ ಬಿಡಿ; ಅವಿದ್ದರೆ ಮಗು ಒಳಗೆ ನುಸುಳಲಾರದು.